ಪ್ಯಾಂಕ್ರಿಯಾಸ್ ಆಪರೇಷನ್ ಆದ್ಮೇಲೆ ಹೊಟ್ಟೇಲಿ ನೀರು ನಿಂತ್ರೆ: ಎಂಡೋಸ್ಕೋಪಿಯಿಂದ ಡ್ರೈನ್ ಮಾಡೋ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಎಂಡೋಸ್ಕೋಪಿ ರೂಮಲ್ಲಿ ನರ್ಸ್. ಪ್ಯಾಂಕ್ರಿಯಾಸ್ ಆಪರೇಷನ್ ಮುಗಿಸ್ಕೊಂಡು ಮನೆಗೆ ಹೋಗಿ, ಜ್ವರ ಬಂತು, ಹೊಟ್ಟೆ ನೋವು ಅಂತ ವಾಪಸ್ ಅಡ್ಮಿಟ್ ಆಗೋವ್ರ ಮನೆಯವರು ಕನ್ಸೆಂಟ್ ಫಾರ್ಮಿಗೆ ಸೈನ್ ಹಾಕೋ ಮುಂಚೆ, ಹಾಕಿದ್ಮೇಲೆ, ಡಿಸ್ಚಾರ್ಜ್ ಆಗುವಾಗ ಕೇಳೋ ಪ್ರಶ್ನೆಗಳು ಇವು. ಡಾಕ್ಟರ್ ರೌಂಡ್ಸಲ್ಲಿ ಇಷ್ಟೆಲ್ಲ ಹೇಳೋಕೆ ಟೈಮ್ ಸಿಗಲ್ಲ, ಹೇಳಿದ್ರೂ ಆ ಗಾಬರೀಲಿ ಅರ್ಧ ತಲೆಗೆ ಹೋಗಿರಲ್ಲ, ಅದಕ್ಕೇ ಕೂತ್ಕೊಂಡು ನಿಧಾನಕ್ಕೆ ಓದೋ ಹಾಗೆ ಬರ್ದಿದೀನಿ. ನಿಮ್ಮ ಕೇಸಿನ ತೀರ್ಮಾನ ಮಾತ್ರ ಸಿಟಿ ಫಿಲ್ಮ್ ನೋಡಿರೋ ನಿಮ್ಮ ಡಾಕ್ಟರದ್ದೇ.

ಆಪರೇಷನ್ ಚೆನ್ನಾಗಾಯ್ತು ಅಂದಿದ್ರು, ಈಗ ಒಳಗೆ ನೀರು ತುಂಬಿದೆ ಅಂತಾರೆ. ಆಪರೇಷನ್ ಫೇಲ್ ಆಯ್ತಾ ಸಿಸ್ಟರ್?

ಇಲ್ಲ. ಎಲ್ಲಾರೂ ಮೊದಲು ಕೇಳೋದೇ ಇದನ್ನ, ಅದರಲ್ಲೂ ಸಾಲ ಸೋಲ ಮಾಡಿ ಆಪರೇಷನ್ ಮಾಡಿಸಿದವರು ಈ ಮಾತು ಕೇಳುವಾಗ ಮುಖ ನೋಡೋಕಾಗಲ್ಲ. ವಿಷ್ಯ ಏನಂದ್ರೆ ಪ್ಯಾಂಕ್ರಿಯಾಸ್ ಅಂದ್ರೆ ಮೇದೋಜೀರಕ ಗ್ರಂಥಿ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್‌ವರೆಗೆ ಜೀರ್ಣರಸ ಮಾಡುತ್ತೆ. ಬಾಲದ ಕಡೆ ಭಾಗ ತೆಗೆದ್ರೆ ಕತ್ತರಿಸಿದ ತುದೀನ ಸ್ಟೇಪ್ಲರ್ ಹಾಕಿನೋ ಹೊಲಿಗೆ ಹಾಕಿನೋ ಮುಚ್ತಾರೆ, ತಲೆ ಭಾಗ ತೆಗೆದ್ರೆ, ಅದೇ ವಿಪಲ್ ಆಪರೇಷನ್, ಉಳಿದ ಗ್ರಂಥೀನ ಕರುಳಿಗೆ ಜೋಡಿಸ್ತಾರೆ. ಎಲ್ಲಿ ಕತ್ತರಿಸಿದ್ರೂ ಆ ಜಾಗದಿಂದ ಸ್ವಲ್ಪ ರಸ ಸೋರಬಹುದು. ಗ್ರಂಥಿ ಮೆತ್ತಗಿದ್ದು ಒಳಗಿನ ನಾಳ ಸಣ್ಣದಾಗಿದ್ರೆ ಸೋರೋ ಚಾನ್ಸ್ ಇನ್ನೂ ಜಾಸ್ತಿ, ಯಾಕಂದ್ರೆ ಅಂಥ ಗ್ರಂಥೀಲಿ ಹೊಲಿಗೆ ಸರಿಯಾಗಿ ನಿಲ್ಲಲ್ಲ. ಎಷ್ಟು ಅನುಭವ ಇರೋ ಸರ್ಜನ್ ಆದ್ರೂ, ಎಷ್ಟು ದೊಡ್ಡ ಆಸ್ಪತ್ರೆ ಆದ್ರೂ ಇದು ಆಗುತ್ತೆ, ಪ್ರಪಂಚದಲ್ಲಿ ಇದನ್ನ ಸೊನ್ನೆಗೆ ಇಳಿಸಿದವರು ಇನ್ನೂ ಯಾರೂ ಇಲ್ಲ.

ಹೀಗೆ ಸೋರೋದಕ್ಕೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಪ್ಯಾಂಕ್ರಿಯಾಟಿಕ್ ಫಿಸ್ಟುಲಾ ಅಂತ ಬರ್ದಿರ್ತಾರೆ. ಪಕ್ಕದಲ್ಲಿ ಗ್ರೇಡ್ ಬಿ ಅಂತಾನೋ ಗ್ರೇಡ್ ಸಿ ಅಂತಾನೋ ಇದ್ರೆ ಅದು 2016ರಲ್ಲಿ ತಿದ್ದಿದ ಅಂತರರಾಷ್ಟ್ರೀಯ ಲೆಕ್ಕ. ಆಪರೇಷನ್ ಆಗಿ ಮೂರನೇ ದಿನ ಅಥವಾ ಆಮೇಲೆ ಡ್ರೈನ್ ನೀರಲ್ಲಿ ಅಮೈಲೇಸ್ ಅನ್ನೋ ಜೀರ್ಣರಸದ ಎಂಜೈಮ್ ರಕ್ತದಲ್ಲಿ ಇರಬೇಕಾದ ಗರಿಷ್ಠ ಮಟ್ಟದ ಮೂರು ಪಟ್ಟು ದಾಟಿದ್ರೆ ರಸ ಸೋರ್ತಿದೆ ಅಂತ ಅರ್ಥ, ಆದ್ರೆ ಪೇಷಂಟಿಗೆ ಅದರಿಂದ ತೊಂದ್ರೆ ಏನೂ ಇಲ್ಲ ಅಂದ್ರೆ ಬರೀ ಬಯೋಕೆಮಿಕಲ್ ಲೀಕ್ ಅಂತ ಬರೆದು ಬಿಡ್ತಾರೆ. ಜ್ವರ, ಇನ್ಫೆಕ್ಷನ್, ಹೊಸದಾಗಿ ಪೈಪ್ ಇಡೋ ಅಗತ್ಯ ಇವೆಲ್ಲ ಬಂದ್ರೆ ಬಿ. ರೀ-ಆಪರೇಷನ್ ಆಗ್ಬೇಕಾದ್ರೆ ಅಥವಾ ಅಂಗಾಂಗ ಫೇಲ್ ಆಗೋ ಮಟ್ಟಕ್ಕೆ ಹೋದ್ರೆ ಸಿ. ಈ ಪೇಜಲ್ಲಿ ನಾನು ಹೇಳ್ತಿರೋ ಡ್ರೈನಿಂಗ್ ಬಹುಪಾಲು ಬಿ ಗ್ರೇಡ್ ಆಗಿರೋವ್ರಿಗೆ.

ಸರ್ಜನ್ ಆವಾಗ್ಲೇ ಹೊಟ್ಟೆಗೆ ಪೈಪ್ ಇಟ್ಟಿದ್ರಲ್ಲ, ಆದ್ರೂ ಯಾಕೆ ನೀರು ನಿಂತ್ಕೊಳ್ತು?

ಪೈಪ್ ಒಂದು ಕಡೆ ಇರುತ್ತೆ, ನೀರು ಇನ್ನೊಂದು ಕಡೆ ನಿಂತಿರುತ್ತೆ. ಕೆಲವು ಸಲ ಪೈಪ್ ಸ್ವಲ್ಪ ಜರುಗಿರುತ್ತೆ, ಕಟ್ಕೊಂಡಿರುತ್ತೆ, ಇಲ್ಲಾಂದ್ರೆ ನೀರು ಕಮ್ಮಿಯಾಯ್ತು ಅಂತ ತೆಗೆದ ಮೇಲೆ ಸೋರೋಕೆ ಶುರುವಾಗಿರುತ್ತೆ.

ನೀರಿದೆ ಅಂದ್ರೆ ತೆಗೀಲೇಬೇಕಾ?

ಬೇಕಾಗಿಲ್ಲ. ಪ್ಯಾಂಕ್ರಿಯಾಸ್ ಆಪರೇಷನ್ ಆದವರಿಗೆಲ್ಲ ಸಿಟಿ ಮಾಡಿದ್ರೆ ಸುಮಾರು ಜನಕ್ಕೆ ಅಲ್ಲಲ್ಲಿ ಒಂದಿಷ್ಟು ನೀರು ಕಾಣುತ್ತೆ, ಅದರಲ್ಲಿ ಬಹಳಷ್ಟು ತಾನಾಗೇ ಹೀರ್ಕೊಂಡು ಹೋಗುತ್ತೆ. ರಿಪೋರ್ಟಲ್ಲಿ ಕಲೆಕ್ಷನ್ ಅನ್ನೋ ಪದ ನೋಡಿದ ತಕ್ಷಣ ಇನ್ನೊಂದು ಆಸ್ಪತ್ರೆಗೆ ಓಡೋರನ್ನ ನೋಡಿದೀನಿ, ದಯವಿಟ್ಟು ಹಾಗೆ ಮಾಡ್ಬೇಡಿ. ಡಾಕ್ಟರ್‌ಗಳು ನೋಡೋದು ಪೇಷಂಟನ್ನ, ಆಮೇಲೆ ಫಿಲ್ಮನ್ನ. ಜ್ವರ ಇಳೀತಿಲ್ಲ, ಬಿಳಿ ರಕ್ತಕಣ ಏರ್ತಿದೆ, ನೀರಿನ ಒಳಗೆ ಗಾಳಿ ಗುಳ್ಳೆ ಕಾಣ್ತಿದೆ ಅಂದ್ರೆ ಕೀವಾಗಿದೆ ಅನ್ನೋ ಅನುಮಾನ. ಎರಡು ತುತ್ತು ತಿಂದ್ರೆ ಹೊಟ್ಟೆ ತುಂಬಿದ ಹಾಗಾಗೋದು, ವಾಂತಿ ಆಗೋದು ಅಂದ್ರೆ ನೀರು ಜಠರಾನ ಒತ್ತುತಾ ಇದೆ. ನೋವು ಬೆನ್ನಿಗೆ ಹರಿಯುತ್ತೆ, ವಾರ ವಾರಕ್ಕೆ ಸೈಜ್ ದೊಡ್ಡದಾಗ್ತಿದೆ ಅಂದ್ರೂ ಅಷ್ಟೇ. ಇವ್ಯಾವೂ ಇಲ್ಲದೆ ಪೇಷಂಟ್ ಊಟ ಮಾಡ್ಕೊಂಡು ಓಡಾಡ್ಕೊಂಡು ಇದ್ರೆ, ಬರೀ ಸೈಜ್ ನೋಡಿ ಚುಚ್ಚಲ್ಲ, ಕಾಯ್ತಾರೆ.

ಎಂಡೋಸ್ಕೋಪಿ ಅಂದ್ರೆ ಹೊಟ್ಟೆ ಒಳಗೆ ನೋಡೋದು. ಜಠರದ ಹೊರಗಡೆ ಇರೋ ನೀರನ್ನ ಅದರಿಂದ ಹೇಗೆ ತೆಗೀತಾರೆ?

ಒಳ್ಳೇ ಪ್ರಶ್ನೆ. ಪ್ಯಾಂಕ್ರಿಯಾಸ್ ಇರೋದು ಜಠರದ ಬೆನ್ನ ಹಿಂದೆ. ಅಲ್ಲಿಂದ ಸೋರಿದ ರಸ, ಅದರಲ್ಲೂ ಬಾಲದ ಭಾಗ ತೆಗೆದವರಲ್ಲಿ, ಜಠರದ ಹಿಂಭಾಗಕ್ಕೇ ಅಂಟ್ಕೊಂಡ ಹಾಗೆ ನಿಲ್ಲುತ್ತೆ. ಮಧ್ಯೆ ಇರೋದು ಜಠರದ ಗೋಡೆ ಅಷ್ಟೇ. ಇದಕ್ಕೆ ಬಳಸೋ ಸ್ಕೋಪ್ ಮಾಮೂಲಿ ಎಂಡೋಸ್ಕೋಪಿದಲ್ಲ, ತುದೀಲಿ ಚಿಕ್ಕ ಅಲ್ಟ್ರಾಸೌಂಡ್ ಪ್ರೋಬ್ ಇರುತ್ತೆ, ಆದ್ರಿಂದ ಗೋಡೆಯ ಆಚೆ ಏನಿದೆ ಅಂತ ಸ್ಕ್ರೀನಲ್ಲಿ ಕಾಣುತ್ತೆ. ಇಯುಎಸ್ ಅಂತ ಕರೆಯೋದು ಇದನ್ನೇ.

ಬಾಯಿಂದ ಸ್ಕೋಪ್ ಇಳಿಸಿ ಜಠರದ ಹಿಂದಿನ ಗೋಡೆಗೆ ಪ್ರೋಬ್ ಒತ್ತಿದಾಗ ಸ್ಕ್ರೀನಲ್ಲಿ ಬೂದು ಬಣ್ಣದ ಗೋಡೆ, ಅದರ ಕೆಳಗೆ ಕಪ್ಪಗೆ ನೀರಿನ ಮಡು ಕಾಣುತ್ತೆ. ಡಾಕ್ಟರ್ ಕೂಡ್ಲೇ ಚುಚ್ಚಲ್ಲ, ಡಾಪ್ಲರ್ ಆನ್ ಮಾಡಿ ದಾರೀಲಿ ರಕ್ತನಾಳ ಇದೆಯಾ ಅಂತ ನೋಡ್ತಾರೆ, ಇದ್ರೆ ಕೆಂಪು ನೀಲಿ ಮಿನುಗುತ್ತೆ, ಆಗ ಸ್ಕೋಪನ್ನ ಕೂದಲೆಳೆಯಷ್ಟು ತಿರುಗಿಸಿ ಬಣ್ಣ ಇಲ್ಲದ ಜಾಗ ಹುಡುಕ್ತಾರೆ. ಗೋಡೆಗೂ ನೀರಿಗೂ ನಡುವಿನ ಅಂತರ ಸಾಮಾನ್ಯವಾಗಿ 1 ಸೆಂಟಿಮೀಟರ್ ಒಳಗಿರ್ಬೇಕು. ಸರಿಹೋಯ್ತು ಅಂದ್ರೆ 19 ಗೇಜ್ ಸೂಜಿ ಒಳಗೆ ಹೋಗುತ್ತೆ, ಕಪ್ಪು ಮಡುವಿನೊಳಗೆ ಬೆಳ್ಳಗೆ ಗೆರೆ ಎಳೆದ ಹಾಗೆ ಅದು ಕಾಣುತ್ತೆ. ಸ್ವಲ್ಪ ನೀರು ಎಳೆದು ಅಮೈಲೇಸ್‌ಗೂ ಕಲ್ಚರ್‌ಗೂ ಕಳಿಸ್ತೀವಿ, ಸಿರಿಂಜಲ್ಲಿ ಕೆಲವರದ್ದು ತಿಳಿ ಕಂದು ಬಣ್ಣದಲ್ಲಿ ಬರುತ್ತೆ, ಕೆಲವರದ್ದು ಗಟ್ಟಿ ಕೀವು, ಆ ವಾಸನೆ ಬಂದ ಕ್ಷಣವೇ ರೂಮಲ್ಲಿರೋ ಎಲ್ಲರಿಗೂ ಈ ಮನುಷ್ಯನಿಗೆ ಅಷ್ಟು ದಿನ ಜ್ವರ ಯಾಕೆ ಇಳೀಲಿಲ್ಲ ಅಂತ ಗೊತ್ತಾಗಿಬಿಡುತ್ತೆ. ಆಮೇಲೆ ಸೂಜಿ ಒಳಗಿಂದ ತೆಳು ತಂತಿ ಬಿಟ್ಟು ಅದು ಒಳಗೆ ಸುರುಳಿ ಸುತ್ತಿದ ಮೇಲೆ, ತಂತಿ ಮೇಲಿಂದ ಕರೆಂಟ್ ಇರೋ ಸಾಧನದಿಂದ ದಾರಿ ಮಾಡಿ, ಬೇಕಾದ್ರೆ ಚಿಕ್ಕ ಬಲೂನಿಂದ ಅಗಲ ಮಾಡಿ, ಸ್ಟೆಂಟ್ ಅನ್ನೋ ಸಣ್ಣ ಕೊಳವೆ ಕೂರಿಸ್ತಾರೆ. ಅಲ್ಲಿಂದ ನೀರು ಜಠರಕ್ಕೆ ಇಳಿದು ಕರುಳಲ್ಲಿ ಹೋಗುತ್ತೆ.

ಈ ಥರ ಅಲ್ಟ್ರಾಸೌಂಡ್ ನೋಡ್ಕೊಂಡೇ ಡ್ರೈನ್ ಮಾಡಿದ್ದನ್ನ ಮೊದಲು ವರದಿ ಮಾಡಿದ್ದು 1992ರಲ್ಲಿ, ಜರ್ಮನಿಯ ಹ್ಯಾಂಬರ್ಗಿನ ತಂಡ. ಆಗ ಅದು ಪ್ಯಾಂಕ್ರಿಯಾಟೈಟಿಸ್, ಅಂದ್ರೆ ಪ್ಯಾಂಕ್ರಿಯಾಸ್ ಊತದಿಂದ ಆಗೋ ಸೂಡೋಸಿಸ್ಟ್ ಅನ್ನೋ ನೀರಿನ ಚೀಲಕ್ಕೆ, ಆಪರೇಷನ್ ಆದವರ ನೀರಿಗೆ ಇದನ್ನ ಬಳಸೋಕೆ ಶುರು ಮಾಡಿದ್ದು ಆಮೇಲೆ.

ಹೊರಗಿಂದ ಹೊಟ್ಟೆಗೆ ಚುಚ್ಚಿ ಪೈಪ್ ಇಡ್ತಾರಲ್ಲ, ಅದಕ್ಕಿಂತ ಇದು ಒಳ್ಳೇದಾ?

ಜಾಗ ನೋಡಿ ಹೇಳ್ಬೇಕು. ಸ್ಕ್ಯಾನ್ ಅಥವಾ ಸಿಟಿ ನೋಡ್ಕೊಂಡು ಚರ್ಮದ ಮೂಲಕ ಪಿಗ್‌ಟೇಲ್ ಅನ್ನೋ ತುದಿ ಸುರುಳಿ ಇರೋ ಪೈಪ್ ಇಡೋದು ಹಳೇ ದಾರಿ, ಇವತ್ತಿಗೂ ತುಂಬಾ ಒಳ್ಳೇ ದಾರಿ. ಪೇಷಂಟ್ ಬಿಪಿ ಬಿದ್ದು ಐಸಿಯುನಲ್ಲಿ ಮಲಗಿದ್ರೆ, ಆಪರೇಷನ್ ಆಗಿ ಕೆಲವೇ ದಿನ ಆಗಿದ್ರೆ, ನೀರು ಜಠರದಿಂದ ದೂರ ಪಕ್ಕೆ ಕಡೆಯೋ ಕೆಳಹೊಟ್ಟೆ ಕಡೆಯೋ ನಿಂತಿದ್ರೆ ಅದೇ ಸರಿ. ವಿಪಲ್ ಆದವರಲ್ಲಿ ಒಳಗಿನ ಜೋಡಣೆ ಎಲ್ಲಾ ಬದಲಾಗಿರುತ್ತೆ, ಜೋಡಿಸಿದ ಕಡೆ ಸೋರಿದ್ರೆ ಅದು ಸ್ಕೋಪಿಗೆ ಸಿಗೋ ಜಾಗದಲ್ಲಿ ಇರಲೇಬೇಕು ಅಂತಿಲ್ಲ, ಹಾಗಾಗಿ ಅವರಿಗೆ ಹೊರಗಿನ ಪೈಪ್ ಜಾಸ್ತಿ ಬಳಸ್ತಾರೆ.

ಹೊರಗಿನ ಪೈಪಿನ ಕಷ್ಟ ಏನು ಅಂತ ಮನೇಲಿ ನೋಡ್ಕೊಂಡವರಿಗೇ ಗೊತ್ತು. ವಾರಗಟ್ಟಲೆ ಬ್ಯಾಗ್ ತಗುಲ್ಸ್ಕೊಂಡು ಓಡಾಡ್ಬೇಕು, ಮಲಗುವಾಗ ಮಗ್ಗುಲು ಬದಲಿಸೋಕೆ ಭಯ, ಪೈಪ್ ಸುತ್ತ ರಸ ಸೋರಿದ್ರೆ ಚರ್ಮ ಕೆಂಪಾಗಿ ಉರಿಯುತ್ತೆ, ಒಂದೊಂದ್ಸಲ ರಾತ್ರಿ ನಿದ್ದೇಲಿ ಎಳೆದು ಪೈಪೇ ಆಚೆ ಬಂದಿರುತ್ತೆ. ಪೈಪ್ ತೆಗೆದ ಮೇಲೂ ಆ ತೂತಿಂದ ರಸ ಬರ್ತಾನೇ ಇರೋದೂ ಉಂಟು. ಒಳಗಿಂದ ಮಾಡಿದ್ರೆ ಇದ್ಯಾವುದೂ ಇಲ್ಲ. ನೀರು ಜಠರಕ್ಕೆ ತಾಗಿಕೊಂಡೇ ನಿಂತಿದೆ, ಪೇಷಂಟ್ ಅನಸ್ತೀಷಿಯಾ ತಡ್ಕೊಳ್ಳೋಕೆ ಫಿಟ್ ಇದಾರೆ, ಮಾಡೋ ಡಾಕ್ಟರಿಗೆ ಕೈ ಪಳಗಿದೆ ಅಂದ್ರೆ ಒಳಗಿನ ದಾರೀನೇ ಕೇಳಿ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಕೆಲವರಿಗೆ ಎರಡೂ ಬೇಕಾಗುತ್ತೆ, ಒಂದು ಮಡುವಿಗೆ ಒಳಗಿಂದ, ಇನ್ನೊಂದಕ್ಕೆ ಹೊರಗಿಂದ, ಅದು ಮೊದಲನೇದು ಫೇಲ್ ಆಯ್ತು ಅಂತ ಅಲ್ಲ.

ನಾಲ್ಕು ವಾರ ಕಾಯ್ಬೇಕು ಅಂತ ಓದಿದ್ವಿ, ಇವರು ಈಗ್ಲೇ ಮಾಡ್ತೀವಿ ಅಂತಾರೆ?

ನೀವು ಓದಿರೋದು ಪ್ಯಾಂಕ್ರಿಯಾಟೈಟಿಸ್ ಆದವರ ವಿಷ್ಯ. ಅವರಲ್ಲಿ ನೀರಿನ ಸುತ್ತ ಗಟ್ಟಿ ಗೋಡೆ ಕಟ್ಟೋಕೆ ಸುಮಾರು 4 ವಾರ ಬೇಕು, ಒಳಗೆ ಸತ್ತ ಮಾಂಸದ ತುಂಡುಗಳೂ ಇರುತ್ತೆ. ಆಪರೇಷನ್ ಆದವರಲ್ಲಿ ಬಹುಪಾಲು ಬರೀ ದ್ರವ, ಜೊತೆಗೆ ಆಪರೇಷನ್ ಆದ ಜಾಗ ಸುತ್ತಮುತ್ತ ಅಂಟ್ಕೊಳ್ಳೋಕೆ ಶುರುವಾಗಿರೋದ್ರಿಂದ ಮಡು ಬೇಗ ಒಂದು ಕಡೆ ನಿಲ್ಲುತ್ತೆ. ಹಾಗಾಗಿ ಇನ್ಫೆಕ್ಷನ್ ಇದ್ದು ಸಿಟಿಯಲ್ಲಿ ಗೋಡೆ ಕಾಣ್ತಿದ್ರೆ 4 ವಾರದ ಮುಂಚೇನೂ ಮಾಡ್ತಾರೆ, ಬೇಗ ಮಾಡಿದ್ರೂ ಸುರಕ್ಷಿತವಾಗಿ ಆಗುತ್ತೆ ಅನ್ನೋ ಅನುಭವ ಬೇರೆ ಬೇರೆ ದೇಶದ ಸೆಂಟರ್‌ಗಳಿಂದ ಬಂದಿದೆ. ಪೇಷಂಟ್ ಚೆನ್ನಾಗಿದ್ರೆ ಕಾಯೋದ್ರಲ್ಲಿ ತಪ್ಪಿಲ್ಲ. ಕೀವು ಇಟ್ಕೊಂಡು ಕ್ಯಾಲೆಂಡರ್ ನೋಡ್ತಾ ಕೂರೋದು ಮಾತ್ರ ಬೇಡ.

ಮೊದಲು ಏನೇನು ಟೆಸ್ಟ್ ಮಾಡ್ತಾರೆ? ಮತ್ತೆ ಸಿಟಿ ಯಾಕೆ, ಹೋದ ವಾರ ತಾನೇ ಆಗಿದೆ?

ಡೈ ಕೊಟ್ಟು ಮಾಡೋ ಹೊಸ ಸಿಟಿಗೆ ಬೇಡ ಅನ್ಬೇಡಿ. ಅದರಲ್ಲಿ ನೀರಿನ ಜಾಗ ನೋಡೋದರ ಜೊತೆಗೆ ರಕ್ತನಾಳದ ಗೋಡೆ ಉಬ್ಬಿದೆಯಾ ಅಂತ ನೋಡ್ತಾರೆ. ಸೋರಿದ ರಸ ಪಕ್ಕದಲ್ಲಿರೋ ರಕ್ತನಾಳದ ಗೋಡೇನ ಕೊರೆದು ಸೂಡೋಅನ್ಯೂರಿಸಮ್ ಅನ್ನೋ ಬುಗ್ಗೆ ಮಾಡ್ಬಹುದು, ಬಾಲ ತೆಗೆದವರಲ್ಲಿ ಗುಲ್ಮದ (ಸ್ಪ್ಲೀನ್) ರಕ್ತನಾಳದ ಕಡೆ, ವಿಪಲ್ ಆದವರಲ್ಲಿ ಕಟ್ಟಿ ಬಿಟ್ಟಿರೋ ಗ್ಯಾಸ್ಟ್ರೋಡ್ಯುವೋಡಿನಲ್ ರಕ್ತನಾಳದ ತುದೀಲಿ. ಅದು ಇದ್ದಾಗ ಗೊತ್ತಿಲ್ಲದೆ ನೀರು ಖಾಲಿ ಮಾಡಿದ್ರೆ ಒಳಗಿನ ಒತ್ತಡ ಇಳಿದು ಜೋರು ರಕ್ತ ಬರಬಹುದು. ಮೊದಲೇ ಕಂಡ್ರೆ ತೊಡೆ ಅಥವಾ ಕೈ ರಕ್ತನಾಳದಿಂದ ಹೋಗಿ ಕಾಯಿಲ್ ಅನ್ನೋ ಸಣ್ಣ ಲೋಹದ ಸುರುಳಿ ಹಾಕಿ ಮುಚ್ಚಿ, ಆಮೇಲೆ ಡ್ರೈನ್ ಮಾಡ್ತಾರೆ.

ರಕ್ತದಲ್ಲಿ ಹಿಮೋಗ್ಲೋಬಿನ್, ಪ್ಲೇಟ್ಲೆಟ್, ರಕ್ತ ಹೆಪ್ಪುಗಟ್ಟೋದು ತಿಳಿಯೋಕೆ ಐಎನ್ಆರ್, ಕಿಡ್ನಿಗೆ ಕ್ರಿಯಾಟಿನಿನ್ ನೋಡ್ತೀವಿ. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ, ಕ್ಲೊಪಿಡೊಗ್ರೆಲ್, ವಾರ್ಫರಿನ್, ಅಪಿಕ್ಸಬಾನ್ ಯಾವುದಾದ್ರೂ, ಇಲ್ಲಾ ಆಪರೇಷನ್ ಆದ್ಮೇಲೆ ಹೊಟ್ಟೆ ಚರ್ಮಕ್ಕೆ ಹಾಕೋ ಹೆಪಾರಿನ್ ಇಂಜೆಕ್ಷನ್ ಇದ್ರೆ, ಕೇಳೋ ಮುಂಚೆ ನೀವೇ ಹೇಳಿ. ಹಾರ್ಟಿಗೆ ಸ್ಟೆಂಟ್ ಹಾಕಿಸಿರೋರು ಮಾತ್ರೆ ತಾವಾಗೇ ನಿಲ್ಲಿಸ್ಬೇಡಿ, ಹಾರ್ಟ್ ಡಾಕ್ಟರನ್ನ ಕೇಳಿ ನಾವೇ ಹೇಳ್ತೀವಿ.

ನೋವಾಗುತ್ತಾ? ಎಷ್ಟು ಹೊತ್ತು ಹಿಡಿಯುತ್ತೆ?

ಅನಸ್ತೀಷಿಯಾ ಡಾಕ್ಟರ್ ಇರ್ತಾರೆ, ಮತ್ತಲ್ಲೇ ಮಾಡೋದು, ಗೊತ್ತಾಗಲ್ಲ. ನೀರು ಜಾಸ್ತಿ ಇದ್ರೆ ಅದು ಜಠರಕ್ಕೆ ನುಗ್ಗಿದಾಗ ಶ್ವಾಸಕೋಶಕ್ಕೆ ಹೋಗ್ಬಾರ್ದು ಅಂತ ಗಂಟಲಿಗೆ ಟ್ಯೂಬ್ ಹಾಕಿ ಪೂರ್ತಿ ಮತ್ತು ಕೊಡ್ತಾರೆ, ಹೊರಗೆ ಬಂದಾಗ ಗಂಟಲು ಒಂದೆರಡು ದಿನ ಕೆರೆಯುತ್ತೆ. ಅರ್ಧ ಗಂಟೆಯಿಂದ ಒಂದು ಗಂಟೆ ಅಂದ್ಕೊಳ್ಳಿ. ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆ, ಒಂದು ಲೋಟ ಕಾಫಿ ಏನಾಗುತ್ತೆ ಅಂತ ಕೊಟ್ಟುಬಿಡ್ಬೇಡಿ, ಕೇಸ್ ಮುಂದಕ್ಕೆ ಹೋಗುತ್ತೆ.

ಪ್ಲಾಸ್ಟಿಕ್ ಸ್ಟೆಂಟಾ, ಮೆಟಲ್ ಸ್ಟೆಂಟಾ? ಮೆಟಲ್ ದುಬಾರಿ ಅಂದ್ರೆ ಅದೇ ಒಳ್ಳೇದಾ?

ದುಡ್ಡು ಜಾಸ್ತಿ ಅಂದ ಮಾತ್ರಕ್ಕೆ ಒಳ್ಳೇದು ಅಂತಲ್ಲ. ಪ್ಲಾಸ್ಟಿಕ್ ಸ್ಟೆಂಟ್ ಎರಡೂ ತುದಿ ಸುರುಳಿ ಸುತ್ಕೊಂಡಿರೋ ಸಣ್ಣ ಕೊಳವೆ, 7 ಅಥವಾ 10 ಫ್ರೆಂಚ್ ಸೈಜು, 10 ಫ್ರೆಂಚ್ ಅಂದ್ರೆ 3 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ದಪ್ಪ, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಹಾಕ್ತಾರೆ. ತೆಳು ನೀರಿದ್ರೆ ಇದೇ ಸಾಕು, ಆಪರೇಷನ್ ಆದವರಲ್ಲಿ ಸುಮಾರು ಜನಕ್ಕೆ ಇರೋದೂ ಅಂಥ ನೀರೇ. ಮೆಟಲ್ ಸ್ಟೆಂಟ್ ಡಮರುಗದ ಆಕಾರದಲ್ಲಿರುತ್ತೆ, ಎರಡು ಕಡೆ ಅಗಲ ಅಂಚು ಇರೋದ್ರಿಂದ ಜಠರವನ್ನೂ ಮಡುವನ್ನೂ ಹಿಡಿದು ನಿಲ್ಲಿಸುತ್ತೆ, ನಡುವಿನ ದಾರಿ 10, 15 ಮಿಲಿಮೀಟರ್ ಅಗಲ, ಗಟ್ಟಿ ಕೀವು ಹೆಪ್ಪುಗಟ್ಟಿದ ಚೂರು ಇದ್ರೆ ಇದೇ ಸರಿ, ಬೇಗನೂ ಹಾಕ್ಬಹುದು. ಆದ್ರೆ ಮೆಟಲ್‌ಗೆ ಒಂದು ಕಟ್ಟುನಿಟ್ಟು ಇದೆ, ಅದು ಕೆಳಗೆ ಹೇಳ್ತೀನಿ.

ಅಪಾಯ ಏನೇನು?

ಮುಚ್ಚಿಟ್ಟು ಹೇಳೋದ್ರಲ್ಲಿ ಅರ್ಥ ಇಲ್ಲ. ರಕ್ತಸ್ರಾವ, ಸ್ಟೆಂಟ್ ಜಾರಿ ಹೊಟ್ಟೆ ಒಳಗೆ ಬೀಳೋದು, ಗಾಳಿ ಅಥವಾ ರಸ ಹೊಟ್ಟೆಯೊಳಗೆ ಸೋರೋದು, ಸ್ಟೆಂಟ್ ಕಟ್ಕೊಂಡು ಇದ್ದ ನೀರಿಗೇ ಇನ್ಫೆಕ್ಷನ್ ಆಗೋದು. ಬಹಳ ಜನಕ್ಕೆ ಇವ್ಯಾವೂ ಆಗಲ್ಲ, ಆದವರಿಗೂ ಹೆಚ್ಚಿನಂಶ ಎಂಡೋಸ್ಕೋಪಿಯಲ್ಲೋ ರೇಡಿಯಾಲಜಿಯಲ್ಲೋ ಸರಿ ಮಾಡ್ತಾರೆ, ಅಪರೂಪಕ್ಕೆ ಆಪರೇಷನ್ ಬೇಕಾಗುತ್ತೆ. ಸರ್ಜನ್ನೂ ಇಂಟರ್ವೆನ್ಷನ್ ರೇಡಿಯಾಲಜಿನೂ ಒಂದೇ ಕಟ್ಟಡದಲ್ಲಿರೋ ಆಸ್ಪತ್ರೇಲೇ ಮಾಡಿಸಿ ಅನ್ನೋದು ಇದಕ್ಕೇ. ಆಪರೇಷನ್ ಮಾಡಿದ ಆಸ್ಪತ್ರೇಲೇ ಆದ್ರೆ ಇನ್ನೂ ಒಳ್ಳೇದು, ಒಳಗೆ ಏನು ಕತ್ತರಿಸಿ ಏನು ಎಲ್ಲಿ ಜೋಡಿಸಿದ್ದಾರೆ ಅಂತ ಅವರಿಗೆ ಗೊತ್ತಿರುತ್ತೆ. ಬೇರೆ ಕಡೆ ಹೋಗ್ಲೇಬೇಕು ಅಂದ್ರೆ ಆಪರೇಷನ್ ನೋಟ್ಸ್, ಸಿಟಿ ಸಿಡಿ, ಬಯಾಪ್ಸಿ ರಿಪೋರ್ಟ್ ಜೊತೆಗಿರಲಿ.

ಆದ್ಮೇಲೆ ಊಟ ಏನು ಕೊಡ್ಬೇಕು?

ಡಾಕ್ಟರ್ ಹೂಂ ಅಂದ್ಮೇಲೆ ಅದೇ ದಿನ ಸಂಜೆ ಅಥವಾ ಮಾರನೇ ದಿನ ನೀರು, ಎಳನೀರು, ಗಂಜಿ. ಆಮೇಲೆ ಮೆತ್ತಗೆ ಅನ್ನ, ಇಡ್ಲಿ, ತಿಳಿ ಸಾರು, ಸ್ವಲ್ಪ ಸ್ವಲ್ಪ ದಿನಕ್ಕೆ ಐದಾರು ಸಲ. ಶುಗರ್ ಇದ್ರೆ ಎಳನೀರು ಕೇಳಿ ಕೊಡಿ. ಪ್ಯಾಂಕ್ರಿಯಾಸ್ ತೆಗೆದವರಿಗೆ ಎಂಜೈಮ್ ಕ್ಯಾಪ್ಸೂಲ್ ಬರ್ದಿದ್ರೆ ಅದನ್ನ ಊಟದ ಜೊತೆಗೇ ನುಂಗ್ಬೇಕು, ಊಟ ಆಗಿ ಗಂಟೆ ಬಿಟ್ಟು ತಗೊಂಡ್ರೆ ಪ್ರಯೋಜನ ಇಲ್ಲ.

ಜ್ವರ ಹೋಯ್ತು, ಊಟ ಸೇರ್ತಿದೆ, ಆರಾಮಾಗಿದಾರೆ. ಸ್ಟೆಂಟ್ ತೆಗೆಸೋಕೆ ಬರ್ಲೇಬೇಕಾ?

ಬರ್ಲೇಬೇಕು. ಈ ಪೇಜಲ್ಲಿ ಬೇರೆ ಏನು ಮರೆತ್ರೂ ಪರವಾಗಿಲ್ಲ, ಈ ಉತ್ತರ ಮನೆಯವರಿಗೆಲ್ಲ ಓದಿ ಹೇಳಿ.

ಡ್ರೈನ್ ಮಾಡಿದ ಒಂದೆರಡು ದಿನದಲ್ಲೇ ಬಹಳ ಜನಕ್ಕೆ ಜ್ವರ ಬಿಟ್ಟು ಹಸಿವು ಬರುತ್ತೆ, ಎರಡು ವಾರದಲ್ಲಿ ಮುಖದಲ್ಲಿ ಕಳೆ ಬರುತ್ತೆ, ಅಲ್ಲಿಗೆ ಕೆಲಸ ಮುಗೀತು ಅನ್ನಿಸಿಬಿಡುತ್ತೆ. ಊರು ದೂರ, ಬಸ್ ಚಾರ್ಜು, ಕೂಲಿ ಬಿಟ್ಟು ಬರ್ಬೇಕು, ಕಷ್ಟ ಅರ್ಥ ಆಗುತ್ತೆ. ಆದ್ರೆ ಒಳಗೆ ಮೆಟಲ್ ಸ್ಟೆಂಟ್ ಇದ್ರೆ ನೀರು ಖಾಲಿಯಾಗಿ ಮಡು ಕುಗ್ಗಿದ ಮೇಲೆ ಅದರ ಒಳ ಅಂಚು ಹಿಂದಿನ ಗೋಡೆಗೆ, ಅಲ್ಲಿರೋ ರಕ್ತನಾಳಕ್ಕೆ ಉಜ್ಜೋಕೆ ಶುರು ಮಾಡುತ್ತೆ. ಇನ್ನೂ ಬಿಟ್ರೆ ಜಠರದ ಗೋಡೆ ಅದರ ಮೇಲೆ ಬೆಳೆದು ಸ್ಟೆಂಟ್ ಹೂತುಹೋಗುತ್ತೆ. ಆಗ ಐದು ನಿಮಿಷದಲ್ಲಿ ಹಿಡಿದು ಎಳೆಯೋ ಸ್ಟೆಂಟ್ ತೆಗೆಯೋದೇ ದೊಡ್ಡ ಕೇಸ್ ಆಗುತ್ತೆ, ಮಧ್ಯದಲ್ಲಿ ಜೋರು ಬ್ಲೀಡಿಂಗ್ ಆಗಿ ತಂಬಿಗೆಗಟ್ಟಲೆ ರಕ್ತ ವಾಂತಿ ಮಾಡ್ಕೊಂಡು ಬಂದವರೂ ಇದಾರೆ. ಅದಕ್ಕೆ ಮೆಟಲ್ ಹಾಕಿದ್ರೆ ಸಾಮಾನ್ಯವಾಗಿ 3ರಿಂದ 4 ವಾರದಲ್ಲಿ ಸಿಟಿ ಮಾಡಿ, ನೀರು ಹೋಗಿದ್ರೆ ತೆಗೆದುಬಿಡ್ತಾರೆ.

ಪ್ಲಾಸ್ಟಿಕ್ ಆದ್ರೆ ಇಷ್ಟು ಆತುರ ಇಲ್ಲ, ಕೆಲವು ವಾರದಿಂದ ಕೆಲವು ತಿಂಗಳವರೆಗೆ ಬಿಡ್ತಾರೆ, ಸೋರಿಕೆ ಇನ್ನೂ ನಿಂತಿಲ್ಲ ಅನ್ನಿಸಿದ್ರೆ ಬೇಕಂತಲೇ ಜಾಸ್ತಿ ದಿನ ಇಡ್ತಾರೆ. ಆದ್ರೂ ಯಾವಾಗ ನೋಡ್ಬೇಕು ಅನ್ನೋ ತಾರೀಕು ಇರುತ್ತೆ. ಡಿಸ್ಚಾರ್ಜ್ ದಿನ ಬಿಲ್ ಕಟ್ಟೋ ಗಡಿಬಿಡೀಲಿ ಇದು ತಪ್ಪಿ ಹೋಗುತ್ತೆ, ಹಾಗಾಗಿ ಸಮ್ಮರಿ ಕೈಗೆ ಬಂದ ತಕ್ಷಣ ಮೂರು ವಿಷ್ಯ ಅದರಲ್ಲಿ ಬರ್ದಿದೆಯಾ ನೋಡಿ: ಯಾವ ಸ್ಟೆಂಟ್, ಎಷ್ಟು ಹಾಕಿದ್ದಾರೆ, ಯಾವ ತಾರೀಕಿಗೆ ಬರ್ಬೇಕು. ಬರ್ದಿಲ್ಲ ಅಂದ್ರೆ ಸಂಕೋಚ ಬೇಡ, ವಾಪಸ್ ಕೊಟ್ಟು ಬರೆಸ್ಕೊಳ್ಳಿ. ಮನೇಲಿ ಪೇಷಂಟ್ ಬಿಟ್ಟು ಇನ್ನೊಬ್ಬರ ಮೊಬೈಲಲ್ಲೂ ಆ ತಾರೀಕಿಗೆ ಅಲಾರಂ ಇಟ್ಟಿರಿ.

ಊರಲ್ಲಿದ್ದಾಗ ಯಾವುದಕ್ಕೆ ತಕ್ಷಣ ಓಡ್ಬೇಕು?

ರಕ್ತ ವಾಂತಿ, ಟಾರಿನ ಹಾಗೆ ಕಪ್ಪಗೆ ಅಂಟು ಅಂಟಾದ ಮಲ, ತಲೆ ಸುತ್ತಿ ಬೀಳೋದು, ಹೊಟ್ಟೆ ಹಲಗೆ ಹಾಗೆ ಬಿಗಿಯಾಗೋದು. ಇನ್ನೂ ಹೊರಗಿನ ಡ್ರೈನ್ ಇದ್ದು ಅದರಲ್ಲಿ ಸ್ವಲ್ಪವೇ ಸ್ವಲ್ಪ ರಕ್ತ ಬಂದು ತಾನಾಗೇ ನಿಂತ್ರೂ ಸುಮ್ಮನಿರ್ಬೇಡಿ, ದೊಡ್ಡ ಬ್ಲೀಡಿಂಗಿಗೆ ಮುಂಚೆ ಹೀಗೆ ಒಂದ್ಸಲ ಸಣ್ಣಗೆ ಬಂದು ನಿಲ್ಲೋದುಂಟು. ಬೆಳಿಗ್ಗೆ ನೋಡೋಣ ಅನ್ಬೇಡಿ, 108ಕ್ಕೆ ಫೋನ್ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಸ್ಟೆಂಟ್ ಇದೆ ಅಂತ ಮೊದಲ ಮಾತಲ್ಲೇ ಹೇಳಿ.

ಗುಲ್ಮಾನೂ ತೆಗೆದಿದ್ರೆ, ಬಾಲದ ಆಪರೇಷನ್ನಲ್ಲಿ ಸುಮಾರು ಸಲ ತೆಗೀತಾರೆ, ಚಳಿ ಜ್ವರ ಬಂದಾಗ ಮೆಡಿಕಲ್ ಶಾಪ್ ಮಾತ್ರೆ ನುಂಗಿ ಕಾಯೋ ಹಾಗಿಲ್ಲ, ಅಂಥವರಿಗೆ ಇನ್ಫೆಕ್ಷನ್ ಗಂಟೆಗಳಲ್ಲಿ ಏರುತ್ತೆ. ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಲಸಿಕೆ ಹಾಕಿದ್ದಾರಾ ಅಂತ ಸಮ್ಮರೀಲಿ ನೋಡಿ, ಇಲ್ಲ ಅಂದ್ರೆ ಕೇಳಿ ಹಾಕಿಸ್ಕೊಳ್ಳಿ.

ಬಯಾಪ್ಸೀಲಿ ಕ್ಯಾನ್ಸರ್ ಅಂತ ಬಂದಿದೆ. ಇದೆಲ್ಲ ಮಾಡ್ತಾ ಕೂತ್ರೆ ಕೀಮೋ ತಡ ಆಗಲ್ವಾ?

ಈ ಭಯ ಸಹಜ. ಆದ್ರೆ ಒಳಗೆ ಕೀವು ಇಟ್ಕೊಂಡು ಕೀಮೋ ಕೊಡೋಕಾಗಲ್ಲ, ಬಿಳಿ ರಕ್ತಕಣ ಇಳಿದಾಗ ಆ ಕೀವೇ ಜೀವಕ್ಕೆ ಬರುತ್ತೆ. ಆಪರೇಷನ್ ಆದ್ಮೇಲೆ ಸಾಮಾನ್ಯವಾಗಿ 12 ವಾರದ ಒಳಗೆ ಕೀಮೋ ಶುರು ಮಾಡೋಕೆ ನೋಡ್ತಾರೆ, ಹಾಗಾಗಿ ಡ್ರೈನ್ ಬೇಗ ಆದಷ್ಟೂ ಕೀಮೋಗೆ ಅನುಕೂಲ. ಡ್ರೈನ್ ಮಾಡ್ತಿರೋ ವಿಷ್ಯ ಕ್ಯಾನ್ಸರ್ ಡಾಕ್ಟರಿಗೆ ನೀವೇ ತಿಳಿಸಿ, ಎರಡು ಡಿಪಾರ್ಟ್‌ಮೆಂಟು ಮಾತಾಡ್ಕೊಂಡಿರ್ತಾರೆ ಅಂತ ಅಂದ್ಕೊಂಡು ಕೂರ್ಬೇಡಿ.

ಎಲ್ಲಾ ಆಸ್ಪತ್ರೇಲೂ ಮಾಡ್ತಾರಾ? ಕಾರ್ಡ್ ನಡೆಯುತ್ತಾ?

ಇಯುಎಸ್ ಮಷೀನೂ ಕೈ ಪಳಗಿದ ಡಾಕ್ಟರೂ ಇರೋ ಕಡೆ ಮಾತ್ರ, ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ರೆ ಅಡ್ಮಿಟ್ ಆಗೋ ಮುಂಚೆನೇ ಆರೋಗ್ಯ ಮಿತ್ರ ಕೌಂಟರಲ್ಲಿ ಕೇಳಿ, ಸ್ಟೆಂಟಿನ ದುಡ್ಡು ಪ್ಯಾಕೇಜ್ ಒಳಗಾ ಹೊರಗಾ ಅಂತ ಬಿಡಿಸಿ ಕೇಳಿ.

ತೆಗೆದ್ಮೇಲೆ ಮತ್ತೆ ತುಂಬ್ಕೊಳ್ಳುತ್ತಾ?

ಕೆಲವರಿಗೆ ಆಗುತ್ತೆ. ಕತ್ತರಿಸಿದ ತುದಿ ಮುಚ್ಕೊಂಡಿದ್ರೆ ಬರಲ್ಲ, ಸೋರ್ತಾನೇ ಇದ್ರೆ ಬರುತ್ತೆ. ಬಾಲ ತೆಗೆದವರಲ್ಲಿ ಇಆರ್‌ಸಿಪಿ ಮಾಡಿ, ಅಂದ್ರೆ ಬಾಯಿಂದ ಸ್ಕೋಪ್ ಇಳಿಸಿ ಕರುಳಿನ ಕಡೆಯಿಂದ ಹೋಗಿ, ಉಳಿದ ಗ್ರಂಥಿಯ ನಾಳಕ್ಕೆ ಸಣ್ಣ ಸ್ಟೆಂಟ್ ಹಾಕಿ ರಸ ಕರುಳಿಗೆ ಹೋಗೋ ಹಾಗೆ ಮಾಡೋದೂ ಒಂದು ದಾರಿ. ಮತ್ತೆ ಡ್ರೈನ್ ಮಾಡ್ಬೇಕಾಗಿ ಬಂದ್ರೂ ಹೊಟ್ಟೆ ಕೊಯ್ಯೋ ಪ್ರಮೇಯ ಕಮ್ಮಿ.

ಪ್ಲಾಸ್ಟಿಕ್ ಸ್ಟೆಂಟ್ ತಾನಾಗೇ ಬಿದ್ದುಹೋದ್ರೆ?

ಹೋಗ್ಬಹುದು, ಮಲದಲ್ಲಿ ಹೋಗಿ ಗೊತ್ತೇ ಆಗದಿರೋದೂ ಇದೆ. ಮಡು ಒಣಗಿದ ಮೇಲೆ ಹೋದ್ರೆ ತೊಂದ್ರೆ ಇಲ್ಲ. ಅಪರೂಪಕ್ಕೆ ಕರುಳಲ್ಲಿ ಸಿಕ್ಕಾಕ್ಕೊಳ್ಳುತ್ತೆ ಅಥವಾ ಮಡುವಿನ ಕಡೆಗೇ ಜಾರಿರುತ್ತೆ, ಆಗ ನೋವು ಬರಬಹುದು. ತೆಗೆಸೋಕೆ ಬಂದ ದಿನ ಸ್ಕೋಪಲ್ಲಿ ಸ್ಟೆಂಟ್ ಕಾಣ್ಲಿಲ್ಲ ಅಂದ್ರೆ ಒಂದು ಎಕ್ಸ್‌ರೇ ತೆಗೆದು ನೋಡ್ತೀವಿ. ಮಲದಲ್ಲಿ ಬಿದ್ದಿದ್ದು ಕಣ್ಣಿಗೆ ಕಂಡ್ರೆ ಒಂದು ಫೋಟೋ ತೆಗೆದಿಟ್ಟು ಫೋನ್ ಮಾಡಿ ಹೇಳಿ, ಎಷ್ಟು ಬಿತ್ತು ಎಷ್ಟು ಉಳಿದಿದೆ ಅಂತ ನಾವು ಫೈಲಲ್ಲಿ ಬರ್ಕೊಳ್ತೀವಿ.